ಬುಧವಾರದ ಹತ್ತು ನಿಮಿಷ

ಆ ಆಸ್ಪತ್ರೆಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ದೊಡ್ಡ ಡಾಕ್ಟರಿಂದ ಹಿಡಿದು ನೆಲ ಒರೆಸುವ ಹೆಂಗಸಿನವರೆಗೆ ಎಲ್ಲರಿಗೂ ಅವನು ಕರೆಂಟಣ್ಣ. ಟ್ಯೂಬ್‌ಲೈಟು ಮಿಣುಕಿದರೂ ಕರೆಂಟಣ್ಣ, ಫ್ಯಾನು ಕಿರುಗುಟ್ಟಿದರೂ ಕರೆಂಟಣ್ಣ, ಕೊನೆಗೆ ನಲ್ಲಿ ಸೋರಿದರೂ ಕರೆಂಟಣ್ಣ. "ನೀರಿಗೂ ಕರೆಂಟಿಗೂ ಏನಮ್ಮ ಸಂಬಂಧ?" ಎಂದು ಗೊಣಗಿಕೊಂಡೇ ಹೋಗಿ ನಲ್ಲಿಯನ್ನೂ ಸರಿಮಾಡಿ ಬರುತ್ತಿದ್ದ. ಇಪ್ಪತ್ತೆರಡು ವರ್ಷದ ಸರ್ವೀಸು. ಒಳ್ಳೆಯ ಕೆಲಸಗಾರ, ಅದರಲ್ಲಿ ಎರಡು ಮಾತಿಲ್ಲ. ಅಂಥವನು ಮಾಡಿದ ಒಂದು ಹಲ್ಕಾ ಕೆಲಸದ ಸಂಗತಿ ಇದು. ಅವನನ್ನು ಬಯ್ಯುವುದಕ್ಕೆ ಹೇಳುತ್ತಿಲ್ಲ. ಬಯ್ಯುವ ಕೆಲಸ ಅವನೇ ಸಾಕಷ್ಟು ಮಾಡಿಕೊಂಡಿದ್ದಾನೆ.

ಆಸ್ಪತ್ರೆ ಮೂರು ಮಹಡಿಯದು, ಊರಿನ ತಗ್ಗಿನಲ್ಲಿದೆ. ಯಾವ ಪುಣ್ಯಾತ್ಮ ಆ ಜಾಗ ಆರಿಸಿದನೋ, ಊರಿನ ಮಳೆನೀರೆಲ್ಲ ಹರಿದು ಬರುವುದು ಅಲ್ಲಿಗೇ. ಮೊದಲು ಅದೊಂದು ದೊಡ್ಡ ವಿಷಯ ಆಗಿರಲಿಲ್ಲ. ಈಗ ಹತ್ತು ವರ್ಷದಿಂದ ಮಳೆಗೆ ತಲೆ ಕೆಟ್ಟಿದೆ. ತಿಂಗಳಿಡೀ ಬರಬೇಕಾದದ್ದು ಎರಡು ಗಂಟೆಯಲ್ಲಿ ಸುರಿದು ಹೋಗುತ್ತದೆ, ಆಮೇಲೆ ಮೂರು ತಿಂಗಳು ಪತ್ತೆ ಇರುವುದಿಲ್ಲ. ಆರು ವರ್ಷದ ಹಿಂದೆ ಹಾಗೆ ಸುರಿದಾಗ ಆಸ್ಪತ್ರೆಯ ಜನರೇಟರು ನೀರಿನಲ್ಲಿ ಮುಳುಗಿತು. ಅವತ್ತು ಮಷಿನ್ನಿನ ಮೇಲೆ ಉಸಿರಾಡುವ ರೋಗಿ ಯಾರೂ ಇರಲಿಲ್ಲ, ಬಚಾವಾಯಿತು. ಮೇಲಿನವರಿಗೆ ಎಚ್ಚರವಾಯಿತು. ಪ್ರಕೃತಿ ವಿಕೋಪಕ್ಕೆ ಆಸ್ಪತ್ರೆಗಳನ್ನು ಸಿದ್ಧಮಾಡುವ ಸಮಿತಿ ಅಂತ ಒಂದು ಬಂತು, ಅದರ ಹಿಂದೆ ಅಂಗೈ ದಪ್ಪದ ಫೈಲು ಬಂತು. ಜನರೇಟರಿಗೆ ಎದೆಯೆತ್ತರದ ಕಟ್ಟೆ ಕಟ್ಟಿದರು, ಮೇಲೆ ತಗಡಿನ ಮಾಡು ಹಾಕಿದರು. ಜೊತೆಗೆ ಒಂದು ನಿಯಮ ಮಾಡಿದರು: ಪ್ರತಿ ಬುಧವಾರ ಹನ್ನೊಂದು ಗಂಟೆಗೆ ಊರಿನ ಕರೆಂಟು ತೆಗೆದು, ಇಡೀ ಆಸ್ಪತ್ರೆಯ ಲೋಡನ್ನು ಜನರೇಟರಿಗೆ ಹಾಕಿ, ಅರ್ಧ ಗಂಟೆ ಓಡಿಸಿ, ರಿಜಿಸ್ಟರಿನಲ್ಲಿ ಬರೆದು ಸಹಿ ಮಾಡಬೇಕು. ಆ ಕೆಲಸ ಕರೆಂಟಣ್ಣನದು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಜನರೇಟರು ಓಡಿದ ಮಾತ್ರಕ್ಕೆ ಮೇಲೆ ದೀಪ ಹತ್ತುವುದಿಲ್ಲ. ಮೆಟ್ಟಿಲ ಕೆಳಗೆ ಒಂದು ಸಣ್ಣ ಕೋಣೆ ಇದೆ, ಅದರೊಳಗೆ ಬೀರುವಿನಂಥ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಮೊಳದುದ್ದದ ಕಬ್ಬಿಣದ ಹಿಡಿ. ಹಿಡಿ ಮೇಲಿದ್ದರೆ ಊರಿನ ಕರೆಂಟು, ಕೆಳಗೆ ಎಳೆದರೆ ಜನರೇಟರಿನದು. ಎಳೆಯುವುದಕ್ಕೆ ಅರೆಕ್ಷಣ ಸಾಕು.

ಮೊದಲನೇ ಬುಧವಾರ ಕರೆಂಟಣ್ಣ ನಿಯಮದ ಪ್ರಕಾರವೇ ಎಳೆದ. ಆ ಅರೆಕ್ಷಣದಲ್ಲಿ ಆಸ್ಪತ್ರೆಯ ದೀಪಗಳೆಲ್ಲ ಒಮ್ಮೆ ಕಣ್ಣು ಮುಚ್ಚಿ ಬಿಟ್ಟವು. ಕ್ಯಾಷ್ ಕೌಂಟರಿನ ಕಂಪ್ಯೂಟರುಗಳು ಸತ್ತವು, ಕ್ಯೂನಲ್ಲಿದ್ದ ಅರವತ್ತು ಜನ ಬಾಯಿಗೆ ಬಂದದ್ದು ಬೈದರು. ಎಕ್ಸ್‌ರೇ ಮಷಿನ್ನು ನಡುವೆ ನಿಂತಿತು, ಒಬ್ಬ ಅಜ್ಜಿ ಉಸಿರು ಬಿಗಿ ಹಿಡಿದುಕೊಂಡೇ ಕೂತಿದ್ದಳಂತೆ, ಬಿಡು ಅಂತ ಯಾರೂ ಹೇಳಲಿಲ್ಲವಲ್ಲ ಅಂತ. ಮಧ್ಯಾಹ್ನ ಮ್ಯಾನೇಜರು ಕರೆಸಿದರು.

"ಜನರೇಟರ್ ಓಡುತ್ತೋ ಇಲ್ವೋ ನೋಡೋಕೆ ಇಡೀ ಆಸ್ಪತ್ರೇನ ಕತ್ತಲಲ್ಲಿ ಇಡಬೇಕೇನಯ್ಯ?"

"ರೂಲ್ಸ್ ಹಾಗಿದೆ ಸಾರ್."

"ರೂಲ್ಸು ನನಗೂ ಓದೋಕೆ ಬರುತ್ತೆ. ಸ್ಟಾರ್ಟ್ ಮಾಡು, ಹತ್ತು ನಿಮಿಷ ಓಡ್ಲಿ, ನಿಲ್ಲಿಸು. ಜನಕ್ಕೆ ತೊಂದರೆ ಕೊಡಬೇಡ."

ಅಷ್ಟೇ ಅವರು ಹೇಳಿದ್ದು. ಸುಳ್ಳು ಬರಿ ಅಂತ ಹೇಳಲಿಲ್ಲ. ಅದನ್ನು ಕರೆಂಟಣ್ಣ ತಾನೇ ಬರೆದ. ಮುಂದಿನ ಬುಧವಾರ ಜನರೇಟರು ಸ್ಟಾರ್ಟ್ ಮಾಡಿದ, ಹತ್ತು ನಿಮಿಷ ಅದರ ಸದ್ದು ಕೇಳುತ್ತ ಟೀ ಕುಡಿದ, ನಿಲ್ಲಿಸಿದ, "ಪೂರ್ಣ ಲೋಡ್ ಹಾಕಿ ಅರ್ಧ ಗಂಟೆ ಪರೀಕ್ಷಿಸಲಾಗಿದೆ" ಎಂದು ದುಂಡಗೆ ಬರೆದು ಸಹಿ ಹಾಕಿದ. ಅವನ ಅಕ್ಷರ ಬಹಳ ಚೆಂದ. ಹೀಗೆ ಒಂದು ವಾರವಲ್ಲ ಎರಡು ವಾರವಲ್ಲ, ಆರು ವರ್ಷ. ಆ ಊರಿಗೆ ಎರಡು ಕಡೆಯಿಂದ ಲೈನು ಬರುತ್ತದೆ, ಒಂದು ಹೋದರೆ ಇನ್ನೊಂದು ತಾನಾಗಿ ಹಿಡಿಯುತ್ತದೆ. ಹಾಗಾಗಿ ಆರು ವರ್ಷದಲ್ಲಿ ಆ ಹಿಡಿಯನ್ನು ಎಳೆಯುವ ಪ್ರಸಂಗವೇ ಬರಲಿಲ್ಲ. ಮೆಟ್ಟಿಲ ಕೆಳಗಿನ ಗೋಡೆ ಮಾತ್ರ ಪ್ರತಿ ಮಳೆಯಲ್ಲೂ ನೀರು ಕುಡಿದು ಉಬ್ಬುತ್ತಿತ್ತು, ಕೋಣೆಯ ಬಾಗಿಲು ತೆಗೆದರೆ ಹಳಸಿದ ವಾಸನೆ ಬರುತ್ತಿತ್ತು. ಅವನು ಬಾಗಿಲು ತೆಗೆಯುವುದನ್ನೇ ಬಿಟ್ಟಿದ್ದ.

ಈ ವರ್ಷದ ಬಿರುಗಾಳಿ ಬಂದದ್ದು ಮಧ್ಯಾಹ್ನ ಎರಡೂವರೆಗೆ. ಬರುತ್ತದೆ ಅಂತ ಹಿಂದಿನ ದಿನವೇ ಎಚ್ಚರಿಕೆ ಕೊಟ್ಟಿದ್ದರು. ಕರೆಂಟಣ್ಣ ಡೀಸೆಲ್ ತುಂಬಿಸಿ, ಬೂಟು ಹಾಕಿಕೊಂಡು, ಜನರೇಟರಿನ ಪಕ್ಕದಲ್ಲೇ ನಿಂತಿದ್ದ. ನಿಜ ಹೇಳಬೇಕೆಂದರೆ ಅವನಿಗೆ ಒಳಗೊಳಗೇ ಒಂದು ಹುರುಪು. ಆರು ವರ್ಷ ಸುಮ್ಮನೆ ಕೂತ ಜನರೇಟರಿಗೂ ತನಗೂ ಇವತ್ತು ಒಂದು ಬೆಲೆ ಬರುತ್ತದೆ ಅಂತ. ಎರಡು ಲೈನೂ ಒಟ್ಟಿಗೆ ಹೋದವು. ಅವನು ಗುಂಡಿ ಒತ್ತಿದ, ಜನರೇಟರು ಒಂದೇ ಏಟಿಗೆ ಗುಡುಗಿತು. ಮೊಣಕಾಲುದ್ದದ ನೀರಿನಲ್ಲಿ ಓಡಿಹೋಗಿ ಕೋಣೆಯ ಬಾಗಿಲು ತೆಗೆದು ಹಿಡಿ ಎಳೆದ.

ಹಿಡಿ ಜಪ್ಪಯ್ಯ ಅನ್ನಲಿಲ್ಲ.

ಎರಡೂ ಕೈಯಲ್ಲಿ ಎಳೆದ, ಕಾಲು ಕೊಟ್ಟು ಎಳೆದ. ಎಣ್ಣೆ ಬಿಟ್ಟ. ಸುತ್ತಿಗೆಯಿಂದ ಬಡಿದ. ಒಳಗೆ ತುಕ್ಕು ಕಚ್ಚಿ ಕೂತಿತ್ತು. ಹೊರಗೆ ಜನರೇಟರು ತನ್ನ ಪಾಡಿಗೆ ಓಡುತ್ತಲೇ ಇತ್ತು, ಒಂದು ಬಲ್ಬಿಗೂ ಉಪಯೋಗವಿಲ್ಲದ ಹಾಗೆ. ಅವನಿಗೆ ಬೆವರೋ ಮಳೆನೀರೋ ಗೊತ್ತಾಗಲಿಲ್ಲ, ಆದರೆ ಏನಾಗಿದೆ, ಯಾಕಾಗಿದೆ ಅನ್ನುವುದು ಮೊದಲ ನಿಮಿಷದಲ್ಲೇ ಗೊತ್ತಾಗಿತ್ತು.

ಮೇಲೆ ಮೂರನೇ ಮಹಡಿಯ ತೀವ್ರ ನಿಗಾ ಘಟಕದಲ್ಲಿ ಅವತ್ತು ನಾಲ್ಕು ಜನ ಮಷಿನ್ನಿನ ಮೇಲೆ ಉಸಿರಾಡುತ್ತಿದ್ದರು. ಮಷಿನ್ನಿನ ಬ್ಯಾಟರಿ ಅರ್ಧ ಗಂಟೆ ಬರಬೇಕು. ಹಳೆಯವು, ಐದಾರು ನಿಮಿಷಕ್ಕೇ ಕೈಕೊಟ್ಟವು. ಅಂಥ ಹೊತ್ತಿಗೆ ಅಂತ ಒಂದು ರಬ್ಬರ್ ಚೀಲ ಇರುತ್ತದೆ, ಕೈಯಲ್ಲಿ ಒತ್ತಿ ಒತ್ತಿ ರೋಗಿಯ ಶ್ವಾಸಕೋಶಕ್ಕೆ ಗಾಳಿ ಕಳಿಸಬೇಕು. ಒಬ್ಬ ಡಾಕ್ಟರು, ಇಬ್ಬರು ಸಿಸ್ಟರುಗಳು, ನಾಲ್ಕು ರೋಗಿಗಳು. ಇನ್ನೊಂದು ಜೊತೆ ಕೈ ಎಲ್ಲಿಂದ ತರುವುದು? ಮೂರನೇ ಮಂಚದ ಹೆಂಗಸಿನ ಗಂಡ ಬಾಗಿಲಲ್ಲಿ ನಿಂತಿದ್ದ. ಪೇಟೆಬೀದಿಯ ಟೈಲರ್, ಅರವತ್ತೈದು ದಾಟಿದವನು. ಊರಿಗೆಲ್ಲ ಟೈಲರ್ ಮಾಮ. ದೊಡ್ಡ ಸಿಸ್ಟರು ಅವನ ಹೆಂಡತಿಯ ಚೀಲವನ್ನು ಅವನ ಕೈಗೇ ಕೊಟ್ಟು, "ಒತ್ತಿ, ಬಿಡಿ. ಒತ್ತಿ, ಬಿಡಿ. ನಿಲ್ಲಿಸಬೇಡಿ ಮಾಮ" ಅಂದರು.

ಹೀಗೆ ಕರೆಂಟಿಲ್ಲದೆ ಇಪ್ಪತ್ತಾರು ನಿಮಿಷ. ಕೊನೆಗೆ ಕರೆಂಟಣ್ಣ ಒಂದು ಕಬ್ಬಿಣದ ಪೈಪನ್ನು ಹಿಡಿಗೆ ಸಿಕ್ಕಿಸಿ ಮೈಯ ಭಾರವೆಲ್ಲ ಹಾಕಿ ಜಗ್ಗಿದ. ಹಿಡಿ ತುಕ್ಕು ಬಿಡಿಸಿಕೊಂಡು ಒಮ್ಮೆಲೇ ಕೆಳಕ್ಕೆ ಇಳಿಯಿತು, ಪೆಟ್ಟಿಗೆಯೊಳಗಿಂದ ಬೆಂಕಿ ಚಿಮ್ಮಿತು. ಮಣಿಕಟ್ಟಿನಿಂದ ಮೊಣಕೈವರೆಗೆ ಚರ್ಮ ಸುಲಿಯಿತು. ದೀಪ ಬಂತು. ಅವನು ನೀರಿನಲ್ಲೇ ಕುಸಿದು ಕೂತು ಅತ್ತ. ಓಡಿಬಂದವರು ಉರಿಗೆ ಅಳುತ್ತಿದ್ದಾನೆ ಅಂದುಕೊಂಡರು.

ಆ ದಿನ ನಾಲ್ಕೂ ಜನ ಉಳಿದರು. ಟೈಲರ್ ಮಾಮನ ಹೆಂಡತಿ ಮಾತ್ರ ನಾಲ್ಕನೇ ದಿನ ತೀರಿಕೊಂಡಳು. ಶ್ವಾಸಕೋಶ ಮೊದಲೇ ಪೂರಾ ಹೋಗಿತ್ತು, ಡಾಕ್ಟರು ಮೊದಲ ದಿನವೇ ಕೈಚೆಲ್ಲಿದ್ದರು. ಆ ಇಪ್ಪತ್ತಾರು ನಿಮಿಷಕ್ಕೂ ಸಾವಿಗೂ ಸಂಬಂಧ ಇದೆಯೋ ಇಲ್ಲವೋ ಹೇಳಲಾಗದು ಅಂದರು. ಮತ್ತೆ ಯಾರೂ ಅದನ್ನು ಕೆದಕಿ ಕೇಳಲಿಲ್ಲ. ಕೇಳಿಕೊಂಡವನು ಕರೆಂಟಣ್ಣ ಒಬ್ಬನೇ, ಅದೂ ಬಾಯಿ ಬಿಡದೆ.

ಆಮೇಲೆ ನಡೆದದ್ದನ್ನು ಹೇಳುವುದಕ್ಕೆ ನನಗೇ ಮುಜುಗರ. ಪೇಪರಿನಲ್ಲಿ ಅವನ ಫೋಟೋ ಬಂತು. ಕೈಗೆ ಬ್ಯಾಂಡೇಜು, ಮುಖದಲ್ಲಿ ಗಾಬರಿ, ಕೆಳಗೆ "ನಾಲ್ಕು ಜೀವ ಉಳಿಸಿದ ಸುಟ್ಟ ಕೈ" ಅಂತ ದಪ್ಪಕ್ಷರ. ಮಗಳು ಅದನ್ನು ಕತ್ತರಿಸಿ ಫ್ರಿಜ್ಜಿನ ಮೇಲೆ ಅಂಟಿಸಿದಳು. ಇಪ್ಪತ್ತನಾಲ್ಕು ವರ್ಷದಲ್ಲಿ ಅಳಿಯನ ಬಗ್ಗೆ ಒಂದು ಒಳ್ಳೆಯ ಮಾತಾಡದ ಅತ್ತೆ, ಬಂದವರನ್ನೆಲ್ಲ ಫ್ರಿಜ್ಜಿನ ಹತ್ತಿರ ಕರೆದುಕೊಂಡು ಹೋಗಿ, "ನಮ್ಮವರೇ, ನಮ್ಮ ಅಳಿಯಂದಿರು" ಅನ್ನತೊಡಗಿದಳು. ಅಳಿಯಂದಿರು ಅಂತೆ! ಹೋದ ತಿಂಗಳವರೆಗೆ "ಆ ವೈರಿನವನು" ಆಗಿದ್ದ. ಬೇರೆ ಹೊತ್ತಾಗಿದ್ದರೆ ಅವನು ಬಿದ್ದು ಬಿದ್ದು ನಗುತ್ತಿದ್ದ. ಈಗ ತಣ್ಣೀರು ಬೇಕಾದರೂ ಫ್ರಿಜ್ಜಿನ ಹತ್ತಿರ ಹೋಗುತ್ತಿರಲಿಲ್ಲ.

ಸಮಿತಿಯ ಅಧಿಕಾರಿ ಬಂದರು. ಮಾತು ಕಡಿಮೆ, ಕಣ್ಣು ಚುರುಕು, ಐವತ್ತರ ಹೆಂಗಸು. ಸೀದಾ ರಿಜಿಸ್ಟರು ತರಿಸಿ ಪುಟ ತಿರುವಿದರು. ಮುನ್ನೂರು ಚಿಲ್ಲರೆ ಬುಧವಾರ, ಒಂದೂ ತಪ್ಪಿಲ್ಲ.

"ಹನ್ನೊಂದು ಆಸ್ಪತ್ರೆ ನೋಡ್ಕೊಂಡು ಬಂದೆ. ಇಷ್ಟು ಚೆನ್ನಾಗಿ ಬರೆದಿಟ್ಟಿರೋದು ಇದೊಂದೇ" ಅಂದರು. ಆಮೇಲೆ, "ವಾರವಾರ ಎಳೆದ ಹಿಡಿ ಹೇಗೆ ತುಕ್ಕು ಹಿಡೀತು?" ಎಂದು ಕೇಳಿದರು.

ಮ್ಯಾನೇಜರು ತಡಮಾಡಲಿಲ್ಲ. "ಹಳೇ ಸಾಮಾನು ಮೇಡಂ. ಗೋಡೆ ಬೇರೆ ತೇವ. ಎರಡು ಸಲ ಬರೆದಿದ್ವಿ, ಬದಲಾಯಿಸಿ ಕೊಡ್ಲಿಲ್ಲ."

ಹೇಳುತ್ತ ಹೇಳುತ್ತ ಕರೆಂಟಣ್ಣನನ್ನು ಒಂದು ಸಲ ನೋಡಿದರು. ಅವನು ತಲೆ ತಗ್ಗಿಸಿದ. ಅಧಿಕಾರಿ ಅದನ್ನು ವಿನಯ ಅಂದುಕೊಂಡರು. ಬಾಯಿ ತೆರೆಯಬೇಕಾದ ಹೊತ್ತು ಅದೇ ಆಗಿತ್ತು, ತೆರೆಯಲಿಲ್ಲ. ಕೆಲಸ ಹೋದೀತು ಅನ್ನುವ ಭಯವೇ ಆಗಿದ್ದರೆ ಹೇಗೋ ಒಪ್ಪಬಹುದಿತ್ತು. ಅದಕ್ಕಿಂತ ಹೆಚ್ಚಾಗಿ, ಇಷ್ಟು ಜನ ಒಳ್ಳೆಯವನು ಅಂದಮೇಲೆ ಅಲ್ಲ ಅನ್ನುವುದಕ್ಕೆ ಅವನಿಗೆ ಬಾಯಿ ಬರಲಿಲ್ಲ. ಮೆಚ್ಚುಗೆ ಬೇಡವಾಗಿತ್ತು, ಬಿಡುವುದಕ್ಕೂ ಆಗಲಿಲ್ಲ. ಆ ಸಣ್ಣತನಕ್ಕೇ ಅವನು ಹೆಚ್ಚು ನಾಚಿಕೊಂಡ.

ಅಧಿಕಾರಿ ಎರಡು ತೀರ್ಮಾನ ಹೇಳಿ ಹೋದರು. ಒಂದು, ಆಸ್ಪತ್ರೆಯ ಸಭಾಂಗಣದಲ್ಲಿ ಅವನಿಗೆ ಸನ್ಮಾನ. ಎರಡು, ಮುಂದಿನ ಮಳೆಗಾಲದೊಳಗೆ ಸುತ್ತಲಿನ ಹನ್ನೊಂದು ಆಸ್ಪತ್ರೆಗಳ ಜನರೇಟರ್ ನೋಡಿಕೊಳ್ಳುವವರಿಗೆ ಅವನಿಂದಲೇ ತರಬೇತಿ.

ಸನ್ಮಾನಕ್ಕೆ ಎರಡು ದಿನ ಇರುವಾಗ ಟೈಲರ್ ಮಾಮ ಜನರೇಟರಿನ ಹತ್ತಿರ ಬಂದ. ಕೊರಳಲ್ಲಿ ಅಳತೆಪಟ್ಟಿ ತೂಗುತ್ತಿತ್ತು. ಕೆನ್ನೆ ಒಳಗೆ ಹೋಗಿತ್ತು, ಗಡ್ಡ ಬೋಳಿಸಿ ಎಷ್ಟು ದಿನವಾಗಿತ್ತೋ.

"ವೇದಿಕೆ ಮೇಲೆ ಹೋಗ್ತೀರಂತೆ. ಒಂದು ಶರ್ಟು ಹೊಲಿದುಕೊಡ್ತೀನಿ. ಬೇಡ ಅನ್ನಬೇಡಿ."

"ಮಾಮ, ಅದೆಲ್ಲ ಯಾಕೆ ಈಗ..."

"ನೀವು ನಿಮ್ಮ ಕೆಲಸ ಸರಿಯಾಗಿ ಮಾಡಿದ್ರಿ. ಅವಳಿಗೆ ನಾಲ್ಕು ದಿನ ಹೆಚ್ಚು ಸಿಕ್ತು. ಅದರಲ್ಲಿ ಒಂದು ಸಲ ಕಣ್ಣು ಬಿಟ್ಟು ಮಗಳನ್ನ ನೋಡಿದ್ಲು. ಕೈ ಎತ್ತಿ ಸ್ವಲ್ಪ."

ಕರೆಂಟಣ್ಣ ಕೈ ಎತ್ತಿದ. ಮುದುಕ ಎದೆಯ ಸುತ್ತ ಪಟ್ಟಿ ಸುತ್ತಿ, ಬಗ್ಗಿ, ಕಣ್ಣು ಕಿರಿದು ಮಾಡಿ ಅಂಕಿ ನೋಡಿದ. ಸುಟ್ಟ ತೋಳಿನ ಹತ್ತಿರ ಬಂದಾಗ ಪಟ್ಟಿ ತಾಗದಂತೆ ಗಾಳಿಯಲ್ಲೇ ಹಿಡಿದು ಅಳೆದ. "ಈ ತೋಳು ಒಂದಿಷ್ಟು ಸಡಿಲ ಇಡ್ತೀನಿ, ಉಜ್ಜಬಾರದು" ಅಂದ. ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು ಕರೆಂಟಣ್ಣನಿಗೆ. ಅಳತೆ ಮುಗಿಯುವವರೆಗೂ ಕೈ ಎತ್ತಿಕೊಂಡೇ ನಿಂತಿದ್ದ. ಮುದುಕ ಥ್ಯಾಂಕ್ಸ್ ಹೇಳಿ ಹೊರಟುಹೋದ.

ಆ ಶರ್ಟು ಹಾಕಿಕೊಂಡೇ ವೇದಿಕೆ ಹತ್ತಿದ. ಫಲಕ ಕೊಟ್ಟರು. ಚಪ್ಪಾಳೆ ಹೊಡೆದರು. ಎರಡು ಮಾತು ಆಡಿ ಅಂದಾಗ "ಎಲ್ಲರಿಗೂ ನಮಸ್ಕಾರ" ಅಂದು ಕೂತುಬಿಟ್ಟ. ಎಷ್ಟು ಸಂಕೋಚದ ಮನುಷ್ಯ ಅಂತ ಇನ್ನೊಂದು ಸುತ್ತು ಚಪ್ಪಾಳೆ ಬಿತ್ತು. ಅವನು ಇಳಿದುಹೋಗಿ ಟಾಯ್ಲೆಟ್ಟಿನಲ್ಲಿ ಮುಖ ತೊಳೆದುಕೊಂಡು ತುಂಬ ಹೊತ್ತು ಹಾಗೇ ನಿಂತಿದ್ದ.

ತರಬೇತಿಯ ಹಿಂದಿನ ದಿನ ಸಂಜೆ, ಹೆಂಡತಿ ಬಟ್ಟೆ ಮಡಚುತ್ತಿದ್ದಳು. ಅವಳು ಗ್ರಂಥಾಲಯದಲ್ಲಿ ಕೆಲಸ ಮಾಡುವವಳು, ಗಟ್ಟಿಯಾಗಿ ಮಾತಾಡುವ ಅಭ್ಯಾಸವೇ ಇಲ್ಲ. ಅವನು ಎದುರಿಗೆ ಕೂತು ಎಲ್ಲ ಹೇಳಿದ. ಹೇಳದೆ ಗತಿ ಇರಲಿಲ್ಲ. ಹನ್ನೊಂದು ಜನಕ್ಕೂ ತನ್ನ ರಿಜಿಸ್ಟರಿನ ಝೆರಾಕ್ಸ್ ಮಾಡಿಸಿ ಕೊಡುತ್ತಾರಂತೆ, ಮಾದರಿ ಅಂತ. ಅವರೂ ಹೀಗೇ ದುಂಡಗೆ ಬರೆದಿಟ್ಟು ಕೂತರೆ ಮುಂದಿನ ಬಿರುಗಾಳಿಗೆ ಯಾರ ಮನೆಯವರು ಮಂಚದ ಮೇಲಿರುತ್ತಾರೋ.

ಅವಳು ಮಡಚುವುದನ್ನು ನಿಲ್ಲಿಸಿದಳು. "ಆರು ವರ್ಷ. ಒಂದು ವಾರವೂ ನಿಮಗೆ ಅನ್ನಿಸ್ಲಿಲ್ವಾ?"

"ಮೊದಲ ತಿಂಗಳು ಅನ್ನಿಸ್ತು" ಅಂದ ಅವನು.

ಅವಳು ಎದ್ದು ಹೋಗಿ ಫ್ರಿಜ್ಜಿನ ಮೇಲಿನ ಪೇಪರು ಕಿತ್ತು ಡ್ರಾಯರಿನೊಳಗೆ ಹಾಕಿದಳು. ಅತ್ತೆ ಒಳಗಿನಿಂದ "ಯಾಕೇ ತೆಗೆದೆ?" ಅಂತ ಕೂಗಿದ್ದಕ್ಕೆ "ಹರಿದು ಹೋಗ್ತಿತ್ತಮ್ಮ" ಅಂದಳು. ಅವನಿಗೆ ಬೈದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು.

ಮಾರನೆಯ ದಿನ ಹನ್ನೊಂದು ಜನ ಬಂದರು. ಒಬ್ಬೊಬ್ಬರ ಕೈಗೂ ಗ್ರೀಸಿನ ಕಪ್ಪು, ಕಿಸೆಯಲ್ಲಿ ಟೆಸ್ಟರು. ಎಲ್ಲ ಅವನ ಜಾತಿಯವರೇ, ಅಂದರೆ ಸ್ಕ್ರೂಡ್ರೈವರಿನ ಜಾತಿ. ಮುಂದೆ ರಿಜಿಸ್ಟರಿನ ಪ್ರತಿಗಳು. ಹಿಂದಿನ ಸಾಲಿನಲ್ಲಿ ಅಧಿಕಾರಿ, ಪಕ್ಕದಲ್ಲಿ ಮ್ಯಾನೇಜರು. ಕರೆಂಟಣ್ಣ ಎದ್ದುನಿಂತು ಒಂದು ಪ್ರತಿ ಕೈಗೆತ್ತಿಕೊಂಡ.

"ಇದರಲ್ಲಿ ಮೊದಲನೇ ಸಾಲು ನಿಜ. ಮಿಕ್ಕಿದ್ದೆಲ್ಲ ಸುಳ್ಳು. ನಾನೇ ಬರೆದಿದ್ದು."

ಒಂದೇ ಉಸಿರಿಗೆ ಹೇಳಿದ. ಹತ್ತು ನಿಮಿಷ, ಟೀ, ತುಕ್ಕು, ಇಪ್ಪತ್ತಾರು ನಿಮಿಷ. ಕೈ ಸುಟ್ಟದ್ದು ಸಾಹಸಕ್ಕಲ್ಲ, ಮಾಡಬೇಕಾದ್ದನ್ನು ಮಾಡದೆ ಇದ್ದದ್ದಕ್ಕೆ ಅಂದ. ಮ್ಯಾನೇಜರು ಹೇಳಿದ ಮಾತನ್ನೂ ಬಿಡಲಿಲ್ಲ, ಆದರೆ "ಬರೆದ ಕೈ ನನ್ನದು" ಅಂತ ಸೇರಿಸಿದ. ಮ್ಯಾನೇಜರ ಮುಖ ಹುಳ್ಳಗಾಯಿತು. ಅಧಿಕಾರಿ ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟರು.

ಆಮೇಲೆ ಕಿಟಕಿ ಪಕ್ಕದ ದಪ್ಪನೆಯವನು ಕೆಮ್ಮಿ, "ನಮ್ಮಲ್ಲೂ ಹಾಗೇನೇ ಬಿಡಿ" ಅಂದ. ಇನ್ನೊಬ್ಬ ತಲೆ ಕೆರೆದುಕೊಂಡು, "ಕರೆಂಟು ತೆಗೆದ್ರೆ ಸರ್ಜನ್ನು ಬೈತಾರೆ, ಏನ್ಮಾಡೋದು" ಅಂದ. ಒಬ್ಬೊಬ್ಬರಾಗಿ ಎಂಟು ಜನ ಬಾಯಿ ಬಿಟ್ಟರು. ಎಂಟು ಆಸ್ಪತ್ರೆ. ಒಬ್ಬನಂತೂ ನಾಲ್ಕು ವರ್ಷದ ಸರ್ವೀಸಿನವನು, ತಮ್ಮಲ್ಲಿ ಹಿಡಿ ಮೇಲಕ್ಕೆ ಹೋಗುತ್ತೋ ಕೆಳಕ್ಕೆ ಬರುತ್ತೋ ತನಗೆ ಗೊತ್ತಿಲ್ಲ ಅಂದುಬಿಟ್ಟ. ಯಾರಿಗೂ ನಗು ಬರಲಿಲ್ಲ.

ಅಧಿಕಾರಿ ಎದ್ದುನಿಂತು, "ಈಗ ಎಳೆದು ತೋರಿಸಿ. ಇಡೀ ಆಸ್ಪತ್ರೆ ಲೋಡಲ್ಲಿ. ಮೇಲೆ ವಾರ್ಡಿಗೆ ಮೊದಲೇ ತಿಳಿಸಿ" ಅಂದರು. ಎಲ್ಲರೂ ಮೆಟ್ಟಿಲ ಕೆಳಗೆ ಹೋದರು. ಹೊಸ ಹಿಡಿ, ಹೊಸ ಪೆಟ್ಟಿಗೆ, ಸುಣ್ಣ ಬಳಿದ ಗೋಡೆ. ಹನ್ನೊಂದು ಜನರೂ ಸರದಿಯಂತೆ ಎಳೆದರು. ಪ್ರತಿ ಸಲ ದೀಪ ಹೋಗಿ ಬಂತು, ಕ್ಯಾಷ್ ಕೌಂಟರಿನಿಂದ ಪ್ರತಿ ಸಲ ಬೈಗುಳ ಕೇಳಿಸಿತು. ಹೋಗುವಾಗ ಅಧಿಕಾರಿ ಅವನ ಕಡೆ ತಿರುಗಿ, "ನೋಟಿಸ್ ಬರುತ್ತೆ. ನಿಮಗೂ, ಅವರಿಗೂ. ಇವತ್ತು ಹೇಳಿದ್ರಿ ಅಂತ ಮಾಫಿ ಸಿಗಲ್ಲ" ಅಂದರು. ಆಗಲಿ ಮೇಡಂ ಅಂದ.

ಮನೆಗೆ ಬರುವಾಗ ಎಷ್ಟೋ ವಾರದ ಮೇಲೆ ಮೈ ಹಗುರವಾಗಿತ್ತು. ಊಟಕ್ಕೆ ಕೂತು ಎಲ್ಲ ಹೇಳಿದ. ಎಂಟು ಜನ ಒಪ್ಪಿಕೊಂಡದ್ದನ್ನಂತೂ ಎರಡು ಸಲ ಹೇಳಿದ. ಹೆಂಡತಿ ಕೇಳಿಸಿಕೊಂಡಳು.

"ಟೈಲರ್ ಮಾಮನಿಗೆ ಹೇಳಿದ್ರಾ?"

"ಅವರಿಗೆ ಹೇಗೂ ಗೊತ್ತಾಗುತ್ತೆ. ನಾಳೆ ನಾಡಿದ್ದು ಊರಿಗೆಲ್ಲ ಗೊತ್ತಾಗುತ್ತೆ."

"ಗೊತ್ತಾಗೋದು ಬೇರೆ, ನೀವು ಹೋಗಿ ಹೇಳೋದು ಬೇರೆ. ನೀವು ಹೇಳಿದ್ದು ನಿಮ್ಮ ಥರದವರ ಮುಂದೆ ರೀ. ಅವರು ನಿಮ್ಮನ್ನ ಬಿಟ್ಟುಕೊಡ್ತಾರಾ?"

ಅವನು ಕಲಸಿದ ಅನ್ನವನ್ನು ತಟ್ಟೆಯಲ್ಲೇ ಬಿಟ್ಟ. ಅವಳು ಸುಳ್ಳು ಹೇಳಿರಲಿಲ್ಲ.

ಬೆಳಿಗ್ಗೆ ಒಂಬತ್ತಕ್ಕೆ ಪೇಟೆಬೀದಿಗೆ ಹೋದ. ಟೈಲರ್ ಮಾಮನ ಅಂಗಡಿ ಅಂದರೆ ಮನೆಯ ಮುಂದಿನ ಕೋಣೆಯೇ. ಬಾಗಿಲು ತೆರೆದಿತ್ತು, ಮಷಿನ್ನಿಗೆ ಹೊದಿಕೆ ಹಾಕಿತ್ತು. ಕತ್ತರಿಸಿದ ಬಟ್ಟೆಗಳು ಚೀಟಿ ಸಿಕ್ಕಿಸಿಕೊಂಡು ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಮುದುಕ ಸ್ಟೂಲಿನ ಮೇಲೆ ಕೈ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದ.

"ಬನ್ನಿ ಬನ್ನಿ" ಅಂದ. "ಕೈ ಹೇಗಿದೆ?"

"ಮಾಮ, ಒಂದು ಮಾತು ಹೇಳಬೇಕು. ಹೇಳಿದ ಮೇಲೆ ನೀವು ನನ್ನ ಕಪಾಳಕ್ಕೆ ಹೊಡೆದ್ರೂ ಸರಿ."

ಇಲ್ಲಿ ಒಂದೇ ಉಸಿರಿಗೆ ಹೇಳಲು ಆಗಲಿಲ್ಲ. ತೊದಲಿದ, ನಿಲ್ಲಿಸಿದ, ಮತ್ತೆ ಹೇಳಿದ. ಮುದುಕ ಕದಲದೆ ಕೇಳಿದ. ಮುಗಿದ ಮೇಲೆ ಒಂದೊಂದಾಗಿ ಪ್ರಶ್ನೆ ಹಾಕಿದ.

"ಆ ಹಿಡಿ ಸರಿಯಾಗಿ ಇದ್ದಿದ್ರೆ ಎಷ್ಟು ಹೊತ್ತಲ್ಲಿ ದೀಪ ಬರಬೇಕಿತ್ತು?"

"ಒಂದು ನಿಮಿಷ. ಅಷ್ಟೂ ಬೇಡ."

"ಮಷಿನ್ನಿನ ಬ್ಯಾಟರಿ ಮುಗಿಯೋ ಮೊದಲು."

"ಹೌದು ಮಾಮ."

"ಹಾಗಾದ್ರೆ ಆ ಚೀಲ ನನ್ನ ಕೈಗೆ ಬರಬೇಕಾಗೇ ಇರಲಿಲ್ಲ."

"ಇಲ್ಲ."

ಮುದುಕ ತನ್ನ ಎರಡು ಅಂಗೈಗಳನ್ನೂ ತಿರುಗಿಸಿ ನೋಡಿಕೊಂಡ. ಮಾತಾಡಿದಾಗ ಕರೆಂಟಣ್ಣನ ಕಡೆ ನೋಡಲಿಲ್ಲ.

"ಅರ್ಧಕ್ಕೆ ಬರೋ ಹೊತ್ತಿಗೆ ನನ್ನ ಬೆರಳು ಮರಗಟ್ಟಿ ಹೋದ್ವು. ನಿಲ್ಲಿಸಬೇಡಿ ಅಂದಿದ್ರು ಸಿಸ್ಟರು. ನಾನು ನಿಲ್ಲಿಸ್ದೆ. ಕೈ ಬದಲಾಯಿಸೋಕೆ. ಒಂದು ಸಲ ಅಲ್ಲ, ಮೂರು ಸಲವೋ ನಾಲ್ಕು ಸಲವೋ. ಒಂದು ಸಲ ಚೀಲ ಜಾರಿ ಕೆಳಗೇ ಬಿತ್ತು. ಯಾರೂ ನೋಡ್ಲಿಲ್ಲ. ಎಲ್ಲಾರೂ ಚೆನ್ನಾಗಿ ಒತ್ತಿದ್ರಿ ಮಾಮ ಅಂದ್ರು. ನಾನು ಹೂಂ ಅಂದೆ."

ಕರೆಂಟಣ್ಣ ಅವನ ಆ ಬೆರಳುಗಳನ್ನೇ ನೋಡಿದ.

"ಐವತ್ತು ದಿನ ಆಯ್ತು. ನಾನೇ ಕೊಂದೆ ಅಂದ್ಕೊಂಡಿದೀನಿ. ನಿಮ್ಮ ಶರ್ಟು ಆದಮೇಲೆ ಒಂದು ಗುಂಡಿ ಹಾಕಿಲ್ಲ ಈ ಕೈಲಿ. ಮಗಳು ದಿನಾ ಅಡಿಗೆ ಮಾಡಿ ಬಡಿಸ್ತಾಳೆ, ಅವಳ ಮುಖ ನೋಡೋಕಾಗಲ್ಲ ನನಗೆ. ಅವಳ ಅಮ್ಮನ್ನ ನಾನು..." ಅಂದು ನಿಲ್ಲಿಸಿದ. ಆಮೇಲೆ ತಲೆಯೆತ್ತಿದ. ದನಿ ಏರಲಿಲ್ಲ, ಆದರೆ ಬಹುವಚನ ಹೋಯಿತು. "ನಾನು ನಿನ್ನ ತೋಳು ಅಳೀತಿದ್ನಲ್ಲಪ್ಪ, ಆಗ ಹೇಳೋಕೆ ಏನಾಗಿತ್ತು ನಿನಗೆ?"

ತನ್ನ ಸುಳ್ಳಿನಿಂದ ಒಂದು ಜೀವ ಹೋಗಿರಬಹುದು ಎಂದು ಕರೆಂಟಣ್ಣ ಇಷ್ಟು ದಿನ ಲೆಕ್ಕ ಹಾಕಿದ್ದ. ಸುಮ್ಮನಿದ್ದದ್ದರಿಂದ ಇನ್ನೊಂದು ಜೀವ ಇಲ್ಲಿ ಸ್ಟೂಲಿನ ಮೇಲೆ ಕೂತು ಕರೆಂಟಣ್ಣನ ಪಾಲಿನ ತಪ್ಪನ್ನೂ ಸೇರಿಸಿ ಹೊತ್ತುಕೊಂಡಿತ್ತು ಅನ್ನುವುದು ಅವನ ತಲೆಗೆ ಹೊಳೆದೇ ಇರಲಿಲ್ಲ. ಅಷ್ಟೂ ದಿನ ನಾಚಿಕೊಂಡದ್ದು ತನ್ನ ಬಗ್ಗೆ ಮಾತ್ರ.

"ತಪ್ಪಾಯ್ತು ಮಾಮ" ಅಂದ. ಆ ಮಾತು ಅವನ ಕಿವಿಗೇ ತೀರ ಸಪ್ಪೆಯಾಗಿ ಕೇಳಿಸಿತು.

ಮುದುಕ ಅದನ್ನು ಕೇಳಿಸಿಕೊಂಡನೋ ಇಲ್ಲವೋ. ಎದ್ದು ಒಳಬಾಗಿಲ ಕಡೆ ತಿರುಗಿ ಮಗಳನ್ನು ಕರೆದ. ಅವಳು ಕೈ ಒರೆಸಿಕೊಳ್ಳುತ್ತ ಬಂದಳು. ಮೂವತ್ತರ ಹೆಂಗಸು, ಅಮ್ಮನನ್ನು ಕಳೆದುಕೊಂಡ ಮುಖ, ಆದರೂ ಅವನನ್ನು ಕಂಡ ಕೂಡಲೇ ನಕ್ಕಳು.

"ಅಯ್ಯೋ, ಕರೆಂಟಣ್ಣ ಬಂದಿದಾರೆ. ಒಂದು ಮಾತು ಹೇಳಬಾರದಾ ಅಪ್ಪ?" ಎಂದು ಮೂಲೆಯಿಂದ ಕುರ್ಚಿ ಎಳೆದು ಸೆರಗಿನಿಂದ ಧೂಳು ಒರೆಸಿದಳು. "ಕೂತ್ಕೊಳ್ಳಿ ಅಣ್ಣ, ಟೀ ಮಾಡ್ತೀನಿ."

"ಟೀ ಆಮೇಲೆ ಮಾಡುವಂತೆ, ನಿಲ್ಲು" ಅಂದ ಮುದುಕ. ಐವತ್ತು ದಿನದಲ್ಲಿ ಮೊದಲ ಸಲ ಮಗಳ ಮುಖವನ್ನು ನೇರ ನೋಡಿದ. ಆಮೇಲೆ ಕರೆಂಟಣ್ಣನ ಕಡೆ ತಿರುಗಿದ.

"ಕೂತ್ಕೋಬೇಡ. ನಿಂತ್ಕೊಂಡೇ ಹೇಳು. ಮೊದಲಿಂದ ಹೇಳು."

ಕರೆಂಟಣ್ಣ ಕುರ್ಚಿಯ ಪಕ್ಕದಲ್ಲಿ ನಿಂತುಕೊಂಡು, ಮೊದಲನೇ ಬುಧವಾರದಿಂದ ಹೇಳತೊಡಗಿದ.